ಹೊಸ ಮನೆಗಳಿಗೆ ಮೇಲ್ಮಣ್ಣಿನ ನಿಯಮ ಮಾಡಿದರೆ ಲಾನ್‌ಗೆ ಹೋಗುವ ನೀರು ಉಳಿಯುತ್ತದಾ?

ಪರ್ಕಳದ ಕಾರ್ಯದರ್ಶಿ ಕೇಳಿದ್ದು:

ನಮಸ್ಕಾರ. ಉಡುಪಿ, ಮಂಗಳೂರು ಕಡೆ ಮನೆ ಕಟ್ಟಿದವರು, ಕಟ್ಟಿಸಿ ಕೊಡುವವರು, ಗಿಡ ಮಾರುವವರು ಯಾರಾದರೂ ಇದ್ದರೆ ಸ್ವಲ್ಪ ಓದಿ ಹೇಳಿ. ಉದ್ದ ಆಯಿತು, ಬೈಬೇಡಿ.

ನಾನು ಬ್ಯಾಂಕಿನಿಂದ ನಿವೃತ್ತ. ಪರ್ಕಳದ ಹತ್ತಿರ ಗುಡ್ಡೆ ಕಡಿದು ಮಾಡಿದ ಲೇಔಟ್‌ನಲ್ಲಿ ಮನೆ. ಒಟ್ಟು 24 ಸೈಟು, ಹೆಚ್ಚು ಕಡಿಮೆ ಐದು ಸೆಂಟಿನವು. ಹನ್ನೊಂದು ಮನೆ ಎದ್ದಿವೆ, ಉಳಿದವು ಈಗ ಒಂದೊಂದಾಗಿ ಶುರುವಾಗುತ್ತಿವೆ. ಸಂಘದ ಕಾರ್ಯದರ್ಶಿ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ, ಬೇರೆ ಯಾರಿಗೂ ಪುರುಸೊತ್ತಿಲ್ಲವಂತೆ.

ತೊಂದರೆ ನೀರಿನದ್ದು. ಎಲ್ಲರಿಗೂ ಸೇರಿ ಒಂದೇ ಬೋರ್‌ವೆಲ್. ಮಾರ್ಚ್ ಬಂದರೆ ಪಂಪು ಗಾಳಿ ಎಳೆಯುತ್ತದೆ, ಆಮೇಲೆ ಟ್ಯಾಂಕರ್. ಕುಡಿಯಲಿಕ್ಕೆ, ಸ್ನಾನಕ್ಕೆ ಅಂತ ತರಿಸಿದ ಟ್ಯಾಂಕರ್ ನೀರಿನಲ್ಲಿ ಎಷ್ಟು ಪಾಲು ಅಂಗಳದ ಹುಲ್ಲಿಗೆ ಹೋಗುತ್ತದೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಸಂಜೆ ಆರಕ್ಕೆ ಸುಮ್ನೆ ಒಂದು ಸುತ್ತು ನಡೆದು ಬಂದರೆ ಗೊತ್ತಾಗುತ್ತದೆ. ಗೇಟಿನ ಅಡಿಯಿಂದ ಕೆಂಪು ನೀರು ರಸ್ತೆಗೆ ಹರಿಯುತ್ತಿರುತ್ತದೆ.

ಒಂದು ಮನೆಯಲ್ಲಿ ಪೈಪ್ ಹಾಕಲಿಕ್ಕೆ ಲಾನ್ ಅಗೆದರು, ನಾನು ನಿಂತು ನೋಡಿದೆ. ಹುಲ್ಲಿನ ಚಾಪೆ, ಅದರ ಅಡಿ ಎರಡು ಇಂಚು ಕೆಂಪು ಮಣ್ಣು, ಅದರ ಅಡಿ ಗಟ್ಟಿ ಮುರ, ಅಂದರೆ ಜಂಬಿಟ್ಟಿಗೆ ಕಲ್ಲು. ಬೇರು ಮುರದ ಮೇಲೆ ಅಡ್ಡಕ್ಕೆ ಹರಡಿತ್ತು. ನೀರು ಹೋಗುವುದಾದರೂ ಎಲ್ಲಿಗೆ?

ಮಗ ಅಮೆರಿಕದ ಕೊಲೊರಾಡೋದಲ್ಲಿ, ಫೋರ್ಟ್ ಕಾಲಿನ್ಸ್ ಅಂತ ಊರಿನಲ್ಲಿ ಇದ್ದಾನೆ. ಇದನ್ನು ಹೇಳಿದಾಗ ಅವನು, ಅಪ್ಪ, ನಮ್ಮಲ್ಲಿ ಅದಕ್ಕೆ ಕಾನೂನೇ ಉಂಟು ಅಂದ. ಹೊಸ ಕಟ್ಟಡ ಆದ ಮೇಲೆ ಹುಲ್ಲು ಹಾಕುವ ಜಾಗದ ಮಣ್ಣನ್ನು ಎಂಟು ಇಂಚಿನವರೆಗೆ ಸಡಿಲ ಮಾಡಬೇಕು. 1,000 ಚದರ ಅಡಿಗೆ 3 ಕ್ಯೂಬಿಕ್ ಯಾರ್ಡ್ ಕಂಪೋಸ್ಟ್ ಹಾಕಿ ಆರು ಇಂಚಿನವರೆಗೆ ಬೆರೆಸಬೇಕು. ಇದನ್ನು ಮಾಡಿದ್ದೇವೆ ಅಂತ ಬರೆದು ಕೊಟ್ಟರೆ ಮಾತ್ರ ಮನೆಯೊಳಗೆ ಹೋಗುವ ಸರ್ಟಿಫಿಕೇಟು. ಪಕ್ಕದ ಡೆನ್ವರ್‌ನ ನೀರು ಸಂಸ್ಥೆ ಅದೇ 1,000 ಚದರ ಅಡಿಗೆ 4 ಯಾರ್ಡ್ ಕೇಳುತ್ತದಂತೆ. ಉದ್ದೇಶ ಒಂದೇ, ಮಣ್ಣು ನೀರು ಹಿಡಿದರೆ ಪೈಪಿನ ನೀರು ಉಳಿಯುತ್ತದೆ.

ನಮ್ಮಲ್ಲಿ ಇನ್ನೂ 13 ಸೈಟು ಬಾಕಿ. ಸಂಘದ ಬೈಲಾಗೆ ಇಂಥದ್ದೊಂದು ಸೇರಿಸೋಣ ಅಂತ ನನ್ನ ಆಲೋಚನೆ. ನಮ್ಮ ಊರಿನಲ್ಲಿ ಇಂಥ ನಿಯಮ ಈಗಾಗಲೇ ಉಂಟಾ? ಎಷ್ಟು ಇಂಚು ಮಣ್ಣು ಅಂತ ಬರೆಯಬೇಕು? ಗುಡ್ಡೆ ಕಡಿದ ಮೇಲೆ ಒಳ್ಳೆ ಮಣ್ಣು ತರುವುದು ಎಲ್ಲಿಂದ? ಎಲ್ಲಕ್ಕಿಂತ ಮೊದಲು, ಮುರದ ಮೇಲೆ ಇದು ನಡೆಯುತ್ತದಾ?

ಸೈಟ್ ಇಂಜಿನಿಯರ್, ಮಂಗಳೂರು:

ಸರ್, ಒಳ್ಳೆ ಪ್ರಶ್ನೆ. ಮೊದಲು ಕಾನೂನಿನ ಮಾತು ಮುಗಿಸುತ್ತೇನೆ.

ದೊಡ್ಡ ಕಟ್ಟಡಕ್ಕೆ ಉಂಟು. 20,000 ಚದರ ಮೀಟರ್, ಅಂದರೆ ಸುಮಾರು ಎರಡು ಲಕ್ಷದ 15 ಸಾವಿರ ಚದರ ಅಡಿ ಮೀರಿದ ಯೋಜನೆಗೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಅಂಥ ಅನುಮತಿಯ ಶರತ್ತುಗಳಲ್ಲಿ ಮೇಲ್ಮಣ್ಣಿನ ಸಾಲು ಬರುತ್ತದೆ. ಕಟ್ಟಡ, ರಸ್ತೆ ಬರುವ ಜಾಗದಿಂದ 20 ಸೆಂ.ಮೀ. ಆಳದ ಮೇಲ್ಮಣ್ಣು ತೆಗೆದು, ಬೇರೆ ರಾಶಿ ಹಾಕಿ, ಆಮೇಲೆ ಗಿಡ ನೆಡುವಾಗ ಅದನ್ನೇ ಬಳಸಬೇಕು ಅಂತ. ಗೃಹ (GRIHA) ಅನ್ನುವ ಹಸಿರು ಕಟ್ಟಡದ ರೇಟಿಂಗ್ ಬೇಕಾದವರಿಗೂ ಮೇಲ್ಮಣ್ಣು ಉಳಿಸಿದ್ದಕ್ಕೆ ಅಂಕ ಸಿಗುತ್ತದೆ. ನಿಮ್ಮ ಐದು ಸೆಂಟಿನ ಮನೆಗೆ ಇದು ಯಾವುದೂ ತಾಗುವುದಿಲ್ಲ. ನಾನು ಪ್ಲಾನ್ ಹಾಕಿಸಿದ ಮನೆಗಳಲ್ಲಿ ಸೆಟ್‌ಬ್ಯಾಕ್ ಕೇಳಿದ್ದಾರೆ, ಎತ್ತರ ಕೇಳಿದ್ದಾರೆ, ಪಾರ್ಕಿಂಗ್ ಕೇಳಿದ್ದಾರೆ, ಮಳೆ ನೀರಿನ ಗುಂಡಿ ಕೇಳಿದ್ದಾರೆ. ಮಣ್ಣು ಎಲ್ಲಿಗೆ ಹೋಯಿತು ಅಂತ ಒಬ್ಬರೂ ಕೇಳಿಲ್ಲ.

ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳುತ್ತೇನೆ. ಮೊದಲ ದಿನ ಜೆಸಿಬಿ ಬರುತ್ತದೆ. ಡ್ರೈವರ್‌ಗೆ ಗಂಟೆ ಲೆಕ್ಕ, ಟಿಪ್ಪರ್‌ನವನಿಗೆ ಲೋಡು ಲೆಕ್ಕ. ಮೇಲಿನ ಕಪ್ಪು ಮಣ್ಣು, ಕೆಳಗಿನ ಕೆಂಪು ಮಣ್ಣು, ಮುರದ ತುಂಡು, ಶೇಡಿ (ಮುರದ ಅಡಿಯ ಜೇಡಿ ಮಣ್ಣು), ಎಲ್ಲ ಒಂದೇ ಬಕೆಟ್‌ನಲ್ಲಿ ಎದ್ದು ಎಲ್ಲೋ ಒಂದು ಬೈಲು ಗದ್ದೆಗೆ ಫಿಲ್ಲಿಂಗ್ ಆಗುತ್ತದೆ. ಎರಡು ವರ್ಷ ಬಿಟ್ಟು ಮನೆಯವರು ಲಾನ್‌ಗೆ ಅಂತ ದುಡ್ಡು ಕೊಟ್ಟು ಒಂದು ಲೋಡು ಕೆಂಪು ಮಣ್ಣು ತರಿಸುತ್ತಾರೆ. ತಮ್ಮದೇ ಮಣ್ಣು ಪುಕ್ಕಟೆ ಹೋಯಿತು, ಬೇರೆಯವರ ಗುಡ್ಡೆಯ ಹೊಟ್ಟೆ ಕೊರೆದ ಮಣ್ಣು ದುಡ್ಡಿಗೆ ಬಂತು.

ಹಾಗಾಗಿ ನಿಮ್ಮ ಬೈಲಾದಲ್ಲಿ ಮೊದಲ ಸಾಲು ಇದಿರಲಿ: ಕಟ್ಟಿಂಗ್‌ಗೆ ಮೊದಲು ಮೇಲಿನ ಮಣ್ಣು ಬೇರೆ ತೆಗೆಯಬೇಕು. ಜೆಸಿಬಿಗೆ ಹೆಚ್ಚೆಂದರೆ ಅರ್ಧ ದಿನದ ಕೆಲಸ. ಆದರೆ ಐದು ಸೆಂಟಿನಲ್ಲಿ ರಾಶಿ ಹಾಕಲಿಕ್ಕೆ ಜಾಗ ಇರುವುದಿಲ್ಲ. ಜಲ್ಲಿ, ಎಂ ಸ್ಯಾಂಡ್, ಕಲ್ಲು ಇಳಿಸಲಿಕ್ಕೇ ಜಾಗ ಸಾಲದು. ನಿಮ್ಮ ಲೇಔಟ್‌ನಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗ ಇರಬೇಕು ಅಲ್ವಾ? ಅದರ ಒಂದು ಮೂಲೆಯನ್ನು ಇದಕ್ಕೆ ಕೊಡಿ. ರಾಶಿ ನಾಲ್ಕೈದು ಅಡಿಗಿಂತ ಎತ್ತರ ಬೇಡ, ಒಳಗಿನ ಮಣ್ಣು ಸಾಯುತ್ತದೆ. ಮಳೆಗಾಲದ ಮೊದಲು ತೆಂಗಿನ ಮಡಲು ಮುಚ್ಚಿ ಅಥವಾ ಹುರುಳಿ ಬಿತ್ತಿ ಬಿಡಿ. ಬರಿದೇ ಬಿಟ್ಟರೆ ಜೂನ್‌ನಲ್ಲಿ ಅರ್ಧ ತೋಡಿಗೆ ಹೋಗಿರುತ್ತದೆ.

ಇನ್ನೊಂದು. ಕಾಂಕ್ರೀಟ್ ಕಲಸಿದ ಜಾಗ, ಮಿಕ್ಸರ್ ತೊಳೆದ ಜಾಗ, ಟಿಪ್ಪರ್ ಹಿಂದೆ ಮುಂದೆ ಹೋದ ಜಾಗ, ಇವೆಲ್ಲ ಕೊನೆಗೆ ಲಾನ್ ಆಗುವ ಜಾಗವೇ. ಸಿಮೆಂಟ್ ನೀರು ಒಣಗಿ ಗಟ್ಟಿ ಪದರ ಆಗಿರುತ್ತದೆ. ಅದರ ಮೇಲೆ ಎರಡು ಇಂಚು ಮಣ್ಣು ಎಳೆದು ಹುಲ್ಲು ಹಾಸಿದರೆ ಮೇಲಿನಿಂದ ನೋಡಲಿಕ್ಕೆ ಚಂದ. ಮನೆ ಒಕ್ಕಲು ದಿನ ಫೋಟೋ ಚೆನ್ನಾಗಿ ಬರುತ್ತದೆ.

ಕೋಟೇಶ್ವರದವ:

ಮಾರಾಯ್ರೆ, ಒಂದು ಕೇಳುತ್ತೇನೆ. ಮನೆಯಲ್ಲಿ ದನ ಉಂಟಾ? ಇಲ್ಲದಿದ್ದರೆ ಹುಲ್ಲು ಯಾರಿಗೆ?

ನಮ್ಮ ಅಜ್ಜಿ ಮನೆ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದರು. ಭತ್ತ ಒಣಗಿಸಿದರು, ಅಡಿಕೆ ಒಣಗಿಸಿದರು, ಮದುವೆ ಚಪ್ಪರ ಹಾಕಿದರು. ಒಂದು ಚೊಂಬು ನೀರು ಬೇಕಿರಲಿಲ್ಲ ಅದಕ್ಕೆ.

ಪರ್ಕಳದ ಕಾರ್ಯದರ್ಶಿ:

ಇದನ್ನೇ ಸಭೆಯಲ್ಲಿ ಹೇಳಿ ನೋಡಿ, ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸುತ್ತಾರೆ. ಅದೂ ಒಂದು ಲಾಭವೇ. ಆದರೆ ಹುಲ್ಲು ಬೇಡ ಅಂದರೆ ಜನ ಸೆಗಣಿ ಸಾರಿಸುವುದಿಲ್ಲ ಅಣ್ಣ, ಪೂರ್ತಿ ಇಂಟರ್‌ಲಾಕ್ ಹಾಕುತ್ತಾರೆ. ಅದು ಇನ್ನೂ ಕಷ್ಟ.

ಬ್ರಹ್ಮಾವರದ ನರ್ಸರಿ:

ಪರ್ಕಳದ ಸರ್‌ಗೆ ನಮಸ್ಕಾರ. ನಾನು ಗಿಡ ಮಾರುವವಳು, ಲಾನ್ ಹಾಕಿ ಕೊಡುವವಳೂ ಹೌದು. ಹಾಗಾಗಿ ನಾನು ಹೇಳುವುದು ನನ್ನ ಹೊಟ್ಟೆಪಾಡಿಗೆ ವಿರುದ್ಧ ಅನಿಸಬಹುದು. ಪರವಾಗಿಲ್ಲ, ಗಿಡ ಬೇರೆಯೂ ಉಂಟು ಮಾರಲಿಕ್ಕೆ.

ನಿಮ್ಮ ಮಗ ಹೇಳಿದ ನಿಯಮ ಸರಿಯಾದದ್ದೇ. ಆದರೆ ಆ ಊರಿನ ಲೆಕ್ಕವನ್ನು ಹಾಗೆಯೇ ಪರ್ಕಳಕ್ಕೆ ತಂದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ, ನೀವು ಬ್ಯಾಂಕಿನವರು, ನಿಮಗೆ ಕಷ್ಟ ಆಗದು.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಒಂದು ಸೆಂಟು ಜಾಗ ಅಂದರೆ 40 ಚದರ ಮೀಟರ್ ಚಿಲ್ಲರೆ. ಏಪ್ರಿಲ್ ಬಿಸಿಲಿನಲ್ಲಿ ಹಸುರಾಗಿ ಇರಬೇಕಾದ ಹುಲ್ಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಕುಡಿಯುತ್ತದೆ. ಹಾಗಾದರೆ ಎರಡು ಸೆಂಟು ಲಾನ್‌ಗೆ ದಿನಕ್ಕೆ 320ರಿಂದ 400 ಲೀಟರ್. ಪಟ್ಟಣದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಅಂತ ಸರಕಾರದ ಲೆಕ್ಕ. ಅಂದರೆ ನಿಮ್ಮ ಅಂಗಳದಲ್ಲಿ ಮೂರು ಜನ ನೆಂಟರು ಡಿಸೆಂಬರ್ ಕೊನೆಗೆ ಬಂದು ಮೇ ಕೊನೆವರೆಗೆ ಕೂತ ಹಾಗೆ. ಐದು ತಿಂಗಳಿಗೆ ಅರ್ಧ ಲಕ್ಷ ಲೀಟರ್ ಆಯಿತು. ಇದು ಹುಲ್ಲು ಕುಡಿಯುವುದು ಮಾತ್ರ, ರಸ್ತೆಗೆ ಹರಿಯುವುದು ಬೇರೆ.

ಈಗ ಮಣ್ಣು. ಎರಡು ಇಂಚು ಅಂದರೆ 50 ಮಿಲಿಮೀಟರ್. ನಮ್ಮ ಚರಳು ಬೆರೆತ ಕೆಂಪು ಮಣ್ಣು ಹುಲ್ಲಿಗೆ ಸಿಗುವ ಹಾಗೆ ಹಿಡಿದಿಡುವ ನೀರು ಅದರ ಹತ್ತನೇ ಒಂದು ಪಾಲು ಅಂತ ಹಿಡಿಯಿರಿ. ಐದು ಮಿಲಿಮೀಟರ್. ಒಂದು ದಿನದ ಊಟ. ಹಾಗಾಗಿ ದಿನಾ ನೀರು ಬಿಡಲೇಬೇಕು. ಬಿಟ್ಟದ್ದು ಸ್ವಲ್ಪ ಜಾಸ್ತಿ ಆದರೂ ಮುರದ ಮೇಲೆ ಜಾರಿ ಗೇಟಿನಿಂದ ಹೊರಗೆ. ನೀವು ಸಂಜೆ ನೋಡುವ ಕೆಂಪು ನೀರು ಅದೇ. ಅದೇ ಜಾಗದಲ್ಲಿ ಆರು ಇಂಚು ಒಳ್ಳೆ ಮಣ್ಣು, ಗೊಬ್ಬರ ಬೆರೆಸಿದ್ದು ಇದ್ದರೆ 20 ಮಿಲಿಮೀಟರ್ ಮೇಲೆ ಹಿಡಿಯುತ್ತದೆ. ನಾಲ್ಕು, ಐದು ದಿನಕ್ಕೊಮ್ಮೆ ನೀರು ಸಾಕು. ಹರಿದು ಹೋಗುವುದು ನಿಲ್ಲುತ್ತದೆ. ದಿನಾ ಮೇಲ್ಮೈ ಒದ್ದೆ ಮಾಡಿ ಬಿಸಿಲಿಗೆ ಕೊಡುವ ನೀರು ಉಳಿಯುತ್ತದೆ. ಬೇರು ಕೆಳಗೆ ಇಳಿಯುತ್ತದೆ.

ಆದರೆ ಹುಲ್ಲಿನ ಬಾಯಾರಿಕೆ ಕಡಿಮೆ ಆಗುವುದಿಲ್ಲ ಸರ್. ಅದು ಕುಡಿಯುವ ನಾಲ್ಕು ಮಿಲಿಮೀಟರ್ ಕುಡಿದೇ ಕುಡಿಯುತ್ತದೆ, ಎರಡು ಇಂಚಿನಲ್ಲಿ ಇರಲಿ, ಆರು ಇಂಚಿನಲ್ಲಿ ಇರಲಿ. ಮಣ್ಣು ಪೋಲಾಗುವುದನ್ನು ತಪ್ಪಿಸುತ್ತದೆ, ಅಷ್ಟೇ.

ಫೋರ್ಟ್ ಕಾಲಿನ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 400 ಮಿಲಿಮೀಟರ್ ಆಸುಪಾಸು. ನಮಗೆ 4,000 ಆಸುಪಾಸು. ಹತ್ತು ಪಟ್ಟು! ಆದರೂ ನೀರಿಗೆ ಅಳುವುದು ನಾವೇ. ಅವರ ಮಳೆ ಸ್ವಲ್ಪವೇ ಆದರೂ ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ಆಗಾಗ ಬೀಳುತ್ತದೆ. ಒಳ್ಳೆ ಮಣ್ಣು ಇದ್ದರೆ ಒಂದು ಮಳೆಯನ್ನು ಹಿಡಿದಿಟ್ಟು ಮುಂದಿನ ಮಳೆವರೆಗೆ ನಡೆಸುತ್ತದೆ. ಚಳಿಗಾಲದಲ್ಲಿ ಅಲ್ಲಿ ಹುಲ್ಲು ಮಲಗಿರುತ್ತದೆ. ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರ್‌ಗೆ ಬಹುಪಾಲು ಮುಗಿಯಿತು. ಡಿಸೆಂಬರ್ ನಂತರ ಏಪ್ರಿಲ್‌ನಲ್ಲಿ ಒಂದೆರಡು ಗುಡುಗು ಮಳೆ ಬಂದರೆ ಪುಣ್ಯ. ಆರು ಇಂಚು ಮಣ್ಣು ಐದು ದಿನ ತಡೆದೀತು, ಐದು ತಿಂಗಳು ತಡೆಯುವುದಿಲ್ಲ.

ಹಾಗಂತ ನಿಯಮ ಬೇಡ ಅಂತ ಅಲ್ಲ. ನಮಗೆ ಅದು ಬೇರೆ ಕಾರಣಕ್ಕೆ ಬೇಕು. ಅಮೆರಿಕದ್ದೇ ಇನ್ನೊಂದು ರಾಜ್ಯ, ವಾಷಿಂಗ್ಟನ್, ಅದರ ಪಶ್ಚಿಮ ಭಾಗವೂ ಮಳೆಯ ಕರಾವಳಿ. ಅಲ್ಲಿ ಹೊಸ ಕಟ್ಟಡದ ಸುತ್ತ ಎಂಟು ಇಂಚು ಮೇಲ್ಮಣ್ಣು ಕೇಳುತ್ತಾರೆ. ಅದರಲ್ಲಿ ಹುಲ್ಲಿನ ಜಾಗಕ್ಕೆ ನೂರಕ್ಕೆ 5, ಗಿಡದ ಪಾತಿಗೆ ನೂರಕ್ಕೆ 10 ಸಾವಯವ ಅಂಶ ಇರಬೇಕು. ಅದರ ಅಡಿಯ ಗಟ್ಟಿ ಮಣ್ಣನ್ನೂ ನಾಲ್ಕು ಇಂಚು ಕೆರೆದು ಸಡಿಲ ಮಾಡಬೇಕು. ಅವರ ಚಿಂತೆ ಪೈಪಿನ ನೀರಿಗಿಂತ ಜಾಸ್ತಿ ಮಳೆ ನೀರಿನದ್ದು. ನೀರು ಒಮ್ಮೆಲೇ ಹರಿದು ಹೊಳೆಗೆ ಹೋಗಿ ಅಲ್ಲಿನ ಸಾಲ್ಮನ್ ಮೀನಿಗೆ ತೊಂದರೆ ಆಗಬಾರದು ಅಂತ. ನಮಗೆ ಹೊಂದುವುದು ಇದು. ಜುಲೈಯಲ್ಲಿ ನಿಮ್ಮ 24 ಸೈಟಿನ ಮಳೆ ನೀರು ಮಣ್ಣಿನೊಳಗೆ ಇಂಗಿದರೆ ಮಾರ್ಚ್‌ನಲ್ಲಿ ಬೋರ್‌ವೆಲ್ ಗಾಳಿ ಎಳೆಯುವುದು ಸ್ವಲ್ಪ ಮುಂದಕ್ಕೆ ಹೋದೀತು. ಕೆಳಗಿನ ಮನೆಯವರ ಬಾವಿಗೂ ಸಿಗುತ್ತದೆ.

ಈಗ ಮುರದ ವಿಷಯ, ಇದು ಮುಖ್ಯ. ಗಟ್ಟಿ ಮುರದ ಮೇಲೆ, ಅದಕ್ಕಿಂತ ಹೆಚ್ಚಾಗಿ ಶೇಡಿಯ ಮೇಲೆ, ಸುಮ್ಮನೆ ಆರು ಇಂಚು ಗೊಬ್ಬರದ ಮಣ್ಣು ಸುರಿದರೆ ಜೂನ್ ಎರಡನೇ ವಾರಕ್ಕೆ ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮೊದಲು ತಳ ಒಡೆಯಬೇಕು. ಜೆಸಿಬಿ ಹೋಗುವ ಮೊದಲೇ ಅದರ ಬಕೆಟ್ ಹಲ್ಲಿನಿಂದ ಗೀರಿಸಿ. ಕಾಂಪೌಂಡ್ ಆದ ಮೇಲೆ ನೆನಪಾದರೆ ಪಿಕ್ಕಾಸು ಹಿಡಿಯಬೇಕು, ಇಬ್ಬರು ಆಳು, ಅವರು ಬೈಯುವುದು ಬೇರೆ. ಮನೆಯಿಂದ ಹೊರಗೆ ಸ್ವಲ್ಪ ಇಳಿಜಾರು ಇರಲಿ. ಇಳಿಜಾರು ಮುಗಿಯುವಲ್ಲಿ ಇಂಗುಗುಂಡಿ ಇರಲಿ. ಗುಡ್ಡೆ ಕಡಿದು ಹಿಂದೆ ಮಣ್ಣು ತುಂಬಿದ ಸೈಟಾದರೆ ಇಂಗುಗುಂಡಿಯನ್ನು ತುಂಬಿದ ಕಡೆ, ತಡೆಗೋಡೆ ಪಕ್ಕ, ಮಾಡಲೇಬೇಡಿ. ಗೋಡೆ ಜರಿದರೆ ನನ್ನನ್ನು ನೆನಪು ಮಾಡಬೇಡಿ.

ಗೊಬ್ಬರದ ಬಗ್ಗೆ. ಫೋರ್ಟ್ ಕಾಲಿನ್ಸ್‌ನವರ ಮೂರು ಕ್ಯೂಬಿಕ್ ಯಾರ್ಡ್ ಅಂದರೆ 81 ಸಿಎಫ್‌ಟಿ (ಘನ ಅಡಿ). 1,000 ಚದರ ಅಡಿ ಮೇಲೆ ಹರಡಿದರೆ ಹೆಚ್ಚು ಕಡಿಮೆ ಒಂದು ಇಂಚು ಪದರ. ಒಂದು ಸೆಂಟಿಗೆ 35 ಸಿಎಫ್‌ಟಿ. ಹಟ್ಟಿಗೊಬ್ಬರ ಆದೀತು, ಚೆನ್ನಾಗಿ ಕಳಿತದ್ದು ಆಗಬೇಕು. ತರಗೆಲೆ ಕಂಪೋಸ್ಟ್ ಆದೀತು. ತೆಂಗಿನ ನಾರಿನ ಹುಡಿ ನೀರು ಹಿಡಿಯುತ್ತದೆ, ಆದರೆ ತೊಳೆದದ್ದು ತರಿಸಿ, ಇಲ್ಲದಿದ್ದರೆ ಉಪ್ಪು. ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಸಿಕ್ಕಿದರೆ ಬಿಡಬೇಡಿ, ಲೇಔಟ್ ಒಳಗೆ ಸುಡಬೇಡಿ ಮಾತ್ರ, ಹೊಗೆಗೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ನಮ್ಮ ಸೆಕೆ, ನಮ್ಮ ಮಳೆಗೆ ಗೊಬ್ಬರ ಬೇಗ ಕರಗಿ ಹೋಗುತ್ತದೆ. ಕೊಲೊರಾಡೋದ ಚಳಿಯಲ್ಲಿ ಉಳಿದಷ್ಟು ಇಲ್ಲಿ ಉಳಿಯುವುದಿಲ್ಲ. ಒಮ್ಮೆ ಬೆರೆಸಿ ಕೈ ತೊಳೆದುಕೊಂಡರೆ ಆಗಲಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ, ತೆಳ್ಳಗೆ ಒಂದು ಪದರ ಜರಡಿ ಹಿಡಿದ ಗೊಬ್ಬರ ಎರಚಬೇಕು. ನಮ್ಮ ಮಣ್ಣು ಹುಳಿ ಮಣ್ಣು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಎಷ್ಟು ಬೇಕು ಗೊತ್ತಾಗುತ್ತದೆ. ಚಿಪ್ಪಿನ ಸುಣ್ಣ ಆದರೂ ನಡೆಯುತ್ತದೆ.

ಹೊರಗಿನಿಂದ ಮಣ್ಣು ತರುವುದಾದರೆ ಗದ್ದೆ ಮಣ್ಣು ಬೇಡ. ಒಂದು ಗದ್ದೆ ಹಾಳು ಮಾಡಿ ಒಂದು ಲಾನ್ ಮಾಡಿದ ಹಾಗೆ. ಮೇಲಿಂದ ಅದು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಹಿನ್ನೀರಿನ ಬದಿಯ ಮಣ್ಣು ಬೇಡವೇ ಬೇಡ, ಉಪ್ಪು ಇರುತ್ತದೆ.

ಕೊನೆಗೆ ಹುಲ್ಲು. ಮೆಕ್ಸಿಕನ್ ಗ್ರಾಸ್ ಚಂದ, ದುಬಾರಿ, ಹಸುರಾಗಿ ಇರಲಿಕ್ಕೆ ನೀರು ಕೇಳುತ್ತದೆ. ಅಗಲ ಎಲೆಯ ಬಫೆಲೋ ನೆರಳಿಗೆ ಒಳ್ಳೆಯದು, ಆದರೆ ಬಿಸಿಲಲ್ಲಿ ನೀರಿಲ್ಲದೆ ಬಾಡುತ್ತದೆ. ಗರಿಕೆ ಹಾಕಿ. ಬೇರು ಆಳಕ್ಕೆ ಹೋಗುತ್ತದೆ, ನೀರು ನಿಲ್ಲಿಸಿದರೆ ಕಂದಾಗಿ ಮಲಗುತ್ತದೆ, ಮಳೆ ಬಿದ್ದರೆ ವಾರದಲ್ಲಿ ಎದ್ದು ಕೂರುತ್ತದೆ. ಮಾರ್ಚ್‌ನಲ್ಲಿ ಹುಲ್ಲು ಕಂದಾದರೆ ಸತ್ತಿತು ಅಂತ ನನಗೆ ಫೋನ್ ಮಾಡುವವರು ಜಾಸ್ತಿ. ನಮ್ಮ ಗುಡ್ಡೆಯ ಮುಳಿಹುಲ್ಲಿಗೆ ಯಾರು ನೀರು ಬಿಡುತ್ತಾರೆ?

ಕದ್ರಿ ಫ್ಲಾಟ್:

ನಾವು ಅಪಾರ್ಟ್‌ಮೆಂಟಿನವರು, ನಮ್ಮ ಲಾನ್ ಇರುವುದು ಪಾರ್ಕಿಂಗ್ ಸ್ಲ್ಯಾಬ್ ಮೇಲೆ. ತಳ ಒಡೆಯುವ ಪ್ರಶ್ನೆಯೇ ಇಲ್ಲ. 2023ರ ಬೇಸಿಗೆಯಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ಮಂಗಳೂರಿನಲ್ಲಿ ರೇಷನ್ ಆದಾಗ ನಮ್ಮ ಕಮಿಟಿ ಲಾನ್‌ಗೆ ನಳ್ಳಿ ನೀರು ನಿಲ್ಲಿಸಿತು. ಈಗ ಎಸ್‌ಟಿಪಿ ನೀರು, ಅಂದರೆ ಶುದ್ಧ ಮಾಡಿದ ಕೊಳಚೆ ನೀರು ಮಾತ್ರ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತಲ್ಲ, ಅದು ಬಂದ ಮೇಲೆ ಇಲ್ಲಿಯೂ ಜನ ಸ್ವಲ್ಪ ಹೆದರಿದರು. ಮಣ್ಣಿನ ನಿಯಮಕ್ಕಿಂತ ಮೀಟರ್ ಹಾಕುವುದು ಸುಲಭ ಅಲ್ವಾ? ಬೋರ್‌ವೆಲ್ ನೀರಿಗೆ ಮನೆ ಮನೆಗೆ ಮೀಟರ್ ಹಾಕಿ, ಲಾನ್ ತನ್ನಷ್ಟಕ್ಕೆ ಸಣ್ಣದಾಗುತ್ತದೆ.

ಪರ್ಕಳದ ಕಾರ್ಯದರ್ಶಿ:

ಬ್ರಹ್ಮಾವರದ ಅಕ್ಕ, ನಿಮ್ಮ ಲೆಕ್ಕವನ್ನು ಮೂರು ಸಲ ಓದಿದೆ. ಮೂರು ಜನ ನೆಂಟರ ಮಾತು ನೋಟಿಸ್ ಬೋರ್ಡಿಗೆ ಹಾಕುತ್ತೇನೆ, ಒಪ್ಪಿಗೆ ಉಂಟು ತಾನೇ? 2019ರಲ್ಲಿ ಸ್ವರ್ಣಾ ನದಿಯ ಬಜೆ ಡ್ಯಾಮ್ ತಳ ಕಂಡಾಗ ಉಡುಪಿ ಪೇಟೆಯ ನೆಂಟರು ಸ್ನಾನಕ್ಕೆ ನಮ್ಮಲ್ಲಿಗೆ ಬಂದಿದ್ದರು. ಆಗ ಬೋರ್‌ವೆಲ್ ಮೇಲೆ ಎಲ್ಲರಿಗೂ ಬಹಳ ಭರವಸೆ.

ಮೀಟರ್ ವಿಷಯ ಹಿಂದಿನ ಸಭೆಯಲ್ಲಿ ಬಂದು ಬಿದ್ದು ಹೋಗಿದೆ. ಪುನಃ ಎತ್ತುತ್ತೇನೆ. ಸದ್ಯಕ್ಕೆ ಬೈಲಾಗೆ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

"ಕಟ್ಟಿಂಗ್ ಶುರು ಮಾಡುವ ಮೊದಲು ಸೈಟಿನ ಮೇಲಿನ 20 ಸೆಂ.ಮೀ. ಮಣ್ಣನ್ನು ಬೇರೆ ತೆಗೆದು ಪಾರ್ಕಿನ ಮೂಲೆಯಲ್ಲಿ ಸೈಟ್ ನಂಬರ್ ಹಾಕಿ ರಾಶಿ ಹಾಕಬೇಕು. ಅದನ್ನು ಲೇಔಟ್ ಹೊರಗೆ ಸಾಗಿಸಬಾರದು. ಹುಲ್ಲು, ಗಿಡ ಬರುವ ಜಾಗದ ತಳವನ್ನು ನಾಲ್ಕು ಇಂಚು ಒಡೆದು, ಅದರ ಮೇಲೆ ಆರು ಇಂಚು ಮಣ್ಣು ಹಾಕಬೇಕು. ಪ್ರತಿ ಸೆಂಟಿಗೆ 35 ಸಿಎಫ್‌ಟಿ ಕಳಿತ ಗೊಬ್ಬರ ಬೆರೆಸಬೇಕು. ಹುಲ್ಲಿನ ಜಾಗ ಒಂದು ಸೆಂಟಿಗಿಂತ ಜಾಸ್ತಿ ಇರಬಾರದು. ಡಿಸೆಂಬರ್‌ನಿಂದ ಮೇವರೆಗೆ ಹುಲ್ಲಿಗೆ ಸಂಘದ ನೀರು ಬಿಡಬಾರದು."

ಸೈಟ್ ಇಂಜಿನಿಯರ್, ಮಂಗಳೂರು:

ಕೊನೆಯ ಸಾಲು ಓದಿ ನಿಮ್ಮ ಧೈರ್ಯಕ್ಕೆ ಕೈ ಮುಗಿದೆ ಸರ್.

ಒಂದೆರಡು ತಿದ್ದುಪಡಿ. 20 ಸೆಂ.ಮೀ. ಅನ್ನುವುದು ದೊಡ್ಡ ಯೋಜನೆಯ ಶರತ್ತಿನ ಅಳತೆ. ಗುಡ್ಡೆ ಮೇಲೆ ಎಷ್ಟೋ ಕಡೆ ಅಷ್ಟು ಮೇಲ್ಮಣ್ಣೇ ಇರುವುದಿಲ್ಲ, ಅರ್ಧ ಅಡಿ ಹೋಗುವ ಮೊದಲೇ ಮುರ ಸಿಗುತ್ತದೆ. "20 ಸೆಂ.ಮೀ. ಅಥವಾ ಮುರ ಸಿಗುವವರೆಗೆ" ಅಂತ ಬರೆಯಿರಿ. ಇಲ್ಲದಿದ್ದರೆ ಮುರದ ಹುಡಿಯನ್ನೇ ಮೇಲ್ಮಣ್ಣು ಅಂತ ರಾಶಿ ಹಾಕುತ್ತಾರೆ.

ಜಾರಿ ಹೇಗೆ? ಸಂಘಕ್ಕೆ ಪೋಲೀಸ್ ಇಲ್ಲ. ಕಟ್ಟುವವರಿಂದ ರಸ್ತೆ ಹಾಳಾದರೆ ಅಂತ ಈಗಲೂ ಡೆಪಾಸಿಟ್ ತೆಗೆದುಕೊಳ್ಳುತ್ತೀರಿ ಅಂದುಕೊಂಡಿದ್ದೇನೆ. ಅದಕ್ಕೇ ಇದನ್ನೂ ಕಟ್ಟಿ. ಹುಲ್ಲು ಹಾಸುವ ಮೊದಲು ನಿಮಗೆ ಹೇಳಬೇಕು, ನೀವು ಹೋಗಿ ಎಂಟು ಎಂಎಂ ಸರಳು ಚುಚ್ಚಬೇಕು. ಮಣ್ಣು ಸ್ವಲ್ಪ ಒದ್ದೆ ಇರುವಾಗ ಕೈಯಲ್ಲಿ ಒತ್ತಿದರೆ ಆರು ಇಂಚು ಸಲೀಸಾಗಿ ಇಳಿಯಬೇಕು. ಮೂಲೆಯಲ್ಲಿ, ನಡುವಲ್ಲಿ, ಗೇಟಿನ ಹತ್ತಿರ ಚುಚ್ಚಿ ನೋಡಿ. ಗೇಟಿನ ಹತ್ತಿರವೇ ಟಿಪ್ಪರ್ ನಿಂತು ಗಟ್ಟಿಯಾಗಿರುತ್ತದೆ. ಇಳಿದರೆ ಡೆಪಾಸಿಟ್ ವಾಪಸ್. ಹುಲ್ಲು ಹಾಸಿದ ಮೇಲೆ ಹೋದರೆ ಯಾರೂ ಚುಚ್ಚಲಿಕ್ಕೆ ಬಿಡುವುದಿಲ್ಲ.

ಇಂಟರ್‌ಲಾಕ್ ಬಗ್ಗೆಯೂ ಒಂದು ಸಾಲು ಹಾಕಿ. ಹುಲ್ಲು ಒಂದು ಸೆಂಟಿಗೆ ಇಳಿಸಿದರೆ ಉಳಿದ ಜಾಗಕ್ಕೆ ಜನ ಅದನ್ನೇ ಹಾಸುತ್ತಾರೆ, ನೀವೇ ಹೇಳಿದ ಹಾಗೆ. ಕಾಂಕ್ರೀಟ್ ಬೆಡ್ ಹಾಕದೆ, ಜಲ್ಲಿ ಹುಡಿಯ ಮೇಲೆ ಹಾಸಬೇಕು ಅಂತ ಆದರೂ ಬರೆಯಿರಿ. ಸಂದಿನಲ್ಲಿ ಸ್ವಲ್ಪವಾದರೂ ಇಳಿಯುತ್ತದೆ.

ಬ್ರಹ್ಮಾವರದ ನರ್ಸರಿ:

ನೋಟಿಸ್ ಬೋರ್ಡಿಗೆ ಧಾರಾಳ ಹಾಕಿ ಸರ್.

ಕೊನೆಯ ಸಾಲನ್ನು ಸ್ವಲ್ಪ ಸಡಿಲ ಮಾಡಿ. ಹೊಸತಾಗಿ ಹಾಕಿದ ಹುಲ್ಲಿಗೆ ಮೊದಲ ಕೆಲವು ವಾರ ನೀರು ಬೇಕೇ ಬೇಕು. ಜನ ಮನೆ ಒಕ್ಕಲನ್ನು ಫೆಬ್ರವರಿ, ಏಪ್ರಿಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಸರಿಯಾಗಿ ಹುಲ್ಲು ಹಾಸಿ ಅನ್ನುತ್ತಾರೆ. ಅದೇ ತಪ್ಪು ಕಾಲ. ಬೈಲಾದಲ್ಲಿ ಹುಲ್ಲು ಹಾಕುವುದು ಜೂನ್‌ನಿಂದ ಅಕ್ಟೋಬರ್ ಒಳಗೆ ಅಂತ ಮಾಡಿ. ಜೂನ್, ಜುಲೈಯಲ್ಲಿ ಜೋರು ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ ಅಂತ ಭಯ ಇದ್ದರೆ ಆಗಸ್ಟ್ ಕೊನೆಗೆ ಹಾಕಿ. ಮಳೆಯೇ ಬೇರು ಹಿಡಿಸಿ ಕೊಡುತ್ತದೆ. ಗರಿಕೆಯ ತುಂಡು ನೆಡುವುದಾದರೆ ಚಾಪೆಯ ಖರ್ಚೂ ಇಲ್ಲ. ಮನೆ ಒಕ್ಕಲಿಗೆ ಅಂಗಳ ಬೋಳು ಕಾಣುತ್ತದೆ ಅನ್ನುವವರಿಗೆ ನಾಲ್ಕು ಕುಂಡ ನಾನು ಬಾಡಿಗೆಗೆ ಕೊಡುತ್ತೇನೆ!

ಹುಲ್ಲಿಗೆ ಸಂಘದ ನೀರು ಬೇಡ ಅಂದಾಗ ಬಟ್ಟೆ ಒಗೆದ ನೀರು ಬಿಡುತ್ತೇವೆ ಅನ್ನುತ್ತಾರೆ. ಗರಿಕೆಗೆ ಕೊನೆಯ ಸಲ ಜಾಲಾಡಿದ ನೀರು ಪರವಾಗಿಲ್ಲ, ಮೊದಲ ನೊರೆ ನೀರು ಬೇಡ. ಬ್ಲೀಚ್ ಹಾಕಿದ್ದಂತೂ ಬೇಡವೇ ಬೇಡ.

ಮತ್ತೆ ಈಗಾಗಲೇ ಇರುವ ಹನ್ನೊಂದು ಮನೆ? ಅವರಿಗೆ ಏನೂ ಬರೆದಿಲ್ಲ ನೀವು.

ಪರ್ಕಳದ ಕಾರ್ಯದರ್ಶಿ:

ಹನ್ನೊಂದು ಮನೆಯಲ್ಲಿ ಒಂದು ನನ್ನದು, ಅದಕ್ಕೇ ಬರೆದಿಲ್ಲ ಅಂತ ನಿಮಗೆ ಗೊತ್ತಾಯಿತು ಅಂತ ಕಾಣುತ್ತದೆ.

ಹಳೆ ಮನೆಗೆ ಒತ್ತಾಯ ಮಾಡಲಿಕ್ಕೆ ಆಗುವುದಿಲ್ಲ. ಅಕ್ಟೋಬರ್‌ನ ಗೊಬ್ಬರದ ಪದರ ಎಲ್ಲರಿಗೂ ಸಂಘದಿಂದಲೇ ಒಟ್ಟಿಗೆ ತರಿಸಿ ಹಂಚೋಣ ಅಂತ ಇದ್ದೇನೆ, ಒಟ್ಟಿಗೆ ತರಿಸಿದರೆ ಲೋಡಿಗೆ ಕಡಿಮೆ ಬೀಳುತ್ತದೆ. ನೀರು ಬಿಡಬಾರದು ಅನ್ನುವುದು ಮಾತ್ರ 24 ಸೈಟಿಗೂ ಒಂದೇ. ಹುಲ್ಲು ಹಾಸುವ ತಿಂಗಳು, ಜಲ್ಲಿ ಹುಡಿ, ಮುರ ಸಿಗುವವರೆಗೆ ಅನ್ನುವುದು, ಮೂರನ್ನೂ ಸೇರಿಸಿದೆ.

ಸಭೆ ಈ ಭಾನುವಾರ. 17ನೇ ಸೈಟಿಗೆ ಸೋಮವಾರ ಜೆಸಿಬಿ ಬರುತ್ತದಂತೆ. ಹಾಗಾಗಿ ಪಾರ್ಕಿನ ಮೂಲೆಯ ಲಂಟಾನ ಪೊದೆ ಕಡಿಸಲಿಕ್ಕೆ ಸಭೆಗೆ ಮೊದಲೇ ಆಳು ಹೇಳಿದ್ದೇನೆ. ಯಾರಾದರೂ ಕೇಳಿದರೆ ಹಾವು ಉಂಟು ಅಂತ ಹೇಳಿದರಾಯಿತು.